ಮೂವರಿಗೆ ಮಾತ್ರ ಕೇಳದ ಮೈಕು

ನವೆಂಬರ್ ೩, ಶುಕ್ರವಾರ

ಇವತ್ತು ಮೊಬೈಲ್ ಆಟದ ನಟ್ಟನಡುವೆ ನನ್ನ ಧ್ವನಿ ಹೋಯಿತು. ಗಂಟಲಿನದಲ್ಲ, ಹೆಡ್‌ಸೆಟ್ಟಿನದು. ಹೋದ ವರ್ಷ ಹುಬ್ಬಳ್ಳಿಯಲ್ಲಿ ಹುಡುಕಿ ತಂದದ್ದು. ಕಿವಿಯ ಮೇಲೆ ನೀಲಿ ದೀಪ ಉರಿಯುತ್ತದೆ, ಬಾಯಿಯ ಮುಂದೆ ಮೈಕು ಸೊಂಡಿಲಿನ ಹಾಗೆ ಬಾಗಿ ನಿಲ್ಲುತ್ತದೆ. ನಾನು "ಎಡಕ್ಕ ಹೊಳ್ಳ್ರಿ, ಎಡಕ್ಕ!" ಎಂದು ಒದರುತ್ತಿದ್ದೆ. ಮೂವರೂ ಬಲಕ್ಕೆ ಹೊರಳಿದರು. ಹೊರಳಿ ಗೆದ್ದರು. ಅದು ಬೇರೆ ಮಾತು.

ಆಟ ಮುಗಿದ ಮೇಲೆ ಶಿವಯೋಗಿಯ ಧ್ವನಿ ಕಿವಿಗೆ ಬಂತು: "ಯೂಸುಫಣ್ಣಾ, ನಿನ್ನ ಮೈಕ್ ಹೋಗೇತಿ ನೋಡು. ಏನೂ ಕೇಳಸವಲ್ದು."

"ಹೌದ್ರಿ ಅಣ್ಣಾರ," ಎಂದಳು ಸುಶ್ಮಿತಾ. "ಮೊದಲ ಗೊರ್ ಗೊರ್ ಅಂತಿತ್ತು, ಈಗ ಅದೂ ಇಲ್ಲ."

ಗದಗ-ಬೆಟಗೇರಿಯಲ್ಲಿ ನನ್ನ ಧ್ವನಿ ಬೀಳದ ಕಿವಿ ಇಲ್ಲ. ಆಟೋದ ಮೇಲೆ ಎರಡು ಲೌಡ್‌ಸ್ಪೀಕರ್ ಹಾರ್ನ್ ಕಟ್ಟಿಕೊಂಡು ಸೀರೆಗಳ ರಿಯಾಯಿತಿ ಮಾರಾಟ, ಕಂಪನಿ ನಾಟಕ, ಕಳೆದುಹೋದ ಎಮ್ಮೆ, ಎಲ್ಲವನ್ನೂ ಊರಿಗೆ ಸಾರುವವನು ನಾನೇ. ಇದನ್ನು ನನಗೆ ನಾನೇ ಹೇಳಿಕೊಳ್ಳಬೇಕಾಗಿಲ್ಲ. ಆದರೂ ಬರೆದರೆ ಹಿತವಾಗುತ್ತದೆ.

ನಮ್ಮದು ನಾಲ್ವರ ತಂಡ. ನಾಲ್ಕು ಊರು, ನಾಲ್ಕು ಫೋನು, ಧ್ವನಿ ಒಂದೇ, ಅದು ನನ್ನದು. ಹಮ್ಮಿಗಿಯ ಶಿವಯೋಗಿ ಹೊಳೆದಂಡೆಯ ಹೊಲದಲ್ಲಿ ಕೂತು ಆಡುತ್ತಾನೆ. ಶಿರಹಟ್ಟಿಯ ಸುಶ್ಮಿತಾ ತನ್ನ ಮ್ಯಾಚಿಂಗ್ ಸೆಂಟರಿನಲ್ಲಿ, ಬ್ಲೌಸ್ ಪೀಸುಗಳ ನಡುವೆ. ಲಕ್ಷ್ಮೇಶ್ವರದ ತಾರೀಖ ತನ್ನ ಮಾಮುವಿನ ಬೇಕರಿಯ ಹಿಂದಿನ ಕೋಣೆಯಲ್ಲಿ. ತಾರೀಖನಿಗೆ ಮಾತು ತೊದಲು. ಅವನು ಒಂದೊಂದು ಅಕ್ಷರಕ್ಕೂ ಹೆಣಗುವುದನ್ನು ಕೇಳಲಾಗದೆ ಅವನ ಮಾತುಗಳನ್ನೂ ನಾನೇ ಮುಗಿಸಿಕೊಡುತ್ತೇನೆ. ಇಂಥ ಉಪಕಾರವನ್ನು ಈ ಕಾಲದಲ್ಲಿ ಯಾರು ಮಾಡುತ್ತಾರೆ?

ಇಪ್ಪತ್ತಾರಕ್ಕೆ ಮುಂಡರಗಿಯಲ್ಲಿ ಫೈನಲ್. ಅಲ್ಲಿಯ ಯುವಕ ಸಂಘದವರು ರಾಜ್ಯೋತ್ಸವದ ಅಂಗವಾಗಿ ಈ ಬಂದೂಕಿನ ಆಟ ಇಟ್ಟಿದ್ದಾರೆ. ಇದರಿಂದ ಕನ್ನಡ ಹೇಗೆ ಬೆಳೆಯುತ್ತದೆಂದು ಕರಪತ್ರದಲ್ಲಿ ಬರೆದಿಲ್ಲ. ಗೆದ್ದ ತಂಡದ ಕ್ಯಾಪ್ಟನ್ನಿಗೆ ಶಾಲು, ಪೇಟ, ಮತ್ತು ವೇದಿಕೆಯಲ್ಲಿ ಎರಡು ಮಾತಾಡಲು ಅವಕಾಶ. ಊರ ಮಂದಿಯ ಮಾತನ್ನೆಲ್ಲ ಕೂಗಿ ಕೂಗಿ ಹೇಳಿದವನು ನಾನು, ನನ್ನದೇ ಅಂತ ಒಂದು ಮಾತನ್ನು ಮೈಕಿನಲ್ಲಿ ಇದುವರೆಗೆ ಆಡಿಲ್ಲ. ಆ ಎರಡು ಮಾತು ನನಗೆ ಬೇಕೇ ಬೇಕು. ಮೈಕು ರಿಪೇರಿ ಆಗಲೇಬೇಕು.

ನವೆಂಬರ್ ೪, ಶನಿವಾರ

ಮೊಬೈಲ್ ರಿಪೇರಿಯ ಖಾಸಿಂಸಾಬನ ಅಂಗಡಿಗೆ ಹೋದೆ. ಹೆಡ್‌ಸೆಟ್ಟಿನ ತುದಿಯನ್ನು ಬಾಯಿಗೆ ಹಿಡಿದು ಊದಿದ. ಫೋನಿನ ತೂತಿನಲ್ಲಿ ಊದಿದ. ಮೈಕಿನ ಸ್ಪಂಜು ಕಿತ್ತು ಅದಕ್ಕೂ ಊದಿದ. ಊದುವುದೇ ಅವನ ವಿದ್ಯೆ, ಉಳಿದದ್ದು ಬೋರ್ಡು. ಕೊನೆಗೆ ಅದೇ ಹೆಡ್‌ಸೆಟ್ಟಿನಿಂದ ನಮ್ಮ ಅಮ್ಮನಿಗೆ ಫೋನ್ ಹಚ್ಚಿಸಿದ. ನಾನು "ಹಲೋ" ಎನ್ನುವಷ್ಟರಲ್ಲಿ ಅಮ್ಮ, "ಯಾಕೋ ಹಂಗ ಒದರತಿ, ನಾ ಏನ್ ಕಳಸಾಪುರದಾಗ ಅದೀನೇನು?" ಎಂದಳು.

"ಮೈಕ್ ಚಲೋ ಐತಿ," ಎಂದ ಖಾಸಿಂಸಾಬ.

"ಮತ್ತ ಆಟದಾಗ ಯಾಕ ಕೇಳಸವಲ್ದು?"

ಸ್ಪಂಜಿಗೆ ಇನ್ನೊಮ್ಮೆ ಊದಿದ. "ಇದು ಮಾತಾಡೋ ಮೈಕ್ ಆತು. ಅದು ಆಟದ ಮೈಕ್. ಅದರ ಹಕೀಕತ್ತ ಬ್ಯಾರೆ," ಎಂದು ಗಂಭೀರವಾಗಿ ಹೇಳಿ ಊದಿದ್ದಕ್ಕೆ ದುಡ್ಡು ತಗೊಂಡ.

ನವೆಂಬರ್ ೬, ಸೋಮವಾರ

ನನ್ನ ತಂಡದವರಂಥ ಮಕ್ಕಳು ಸಿಗಲು ಪುಣ್ಯ ಬೇಕು. ನನ್ನ ಮೈಕಿನ ಚಿಂತೆಯಲ್ಲಿ ಮೂವರೂ ಸೊರಗಿದ್ದಾರೆ. ಸೆಟ್ಟಿಂಗಿನಲ್ಲಿ ಏನೇನು ಒತ್ತಬೇಕೆಂದು ಶಿವಯೋಗಿ ಬರೆದು ಕಳಿಸಿದ. ಒತ್ತಿದೆ. ಫೋನಿನ ಭಾಷೆ ಅರಬ್ಬಿಯಾಯಿತು, ಅದನ್ನು ತಿರುಗಿ ತರಲು ಮಧ್ಯಾಹ್ನವಾಯಿತು. ಸುಶ್ಮಿತಾ ಕಡ್ಡಿಗೆ ಹತ್ತಿ ಸುತ್ತಿ ಒರೆಸಿರೆಂದಳು. ಒರೆಸಿದೆ. ಹತ್ತಿ ಒಳಗೇ ಉಳಿಯಿತು. ತಾರೀಖ ಮಾತ್ರ ಏನೂ ಹೇಳಲಿಲ್ಲ. ಪಾಪ, ಹೇಳಲು ಹೊರಟರೂ ನಾಳೆಗೆ ಮುಗಿಯುತ್ತಿತ್ತು.

ಒಳಗೆ ಥಂಡಿ ಹಿಡಿದಿರಬೇಕು, ಅಕ್ಕಿಯಲ್ಲಿ ಹುಗಿದಿಡಬೇಕೆಂದು ಎಲ್ಲರೂ ಹೇಳುತ್ತಾರೆ. ಅಮ್ಮ ಅಕ್ಕಿ ಕೊಡಲಿಲ್ಲ. "ಅಕ್ಕಿ ಯಾಕ, ಜ್ವಾಳ ಬೇಕಾದಷ್ಟು ಐತಿ. ಅದರಾಗ ಇಡು," ಎಂದಳು. ಜೋಳದ ಡಬ್ಬಿಯಲ್ಲಿಟ್ಟೆ. ತೆಗೆದಾಗ ಎಡಗಿವಿಯ ನೀಲಿ ದೀಪ ಆರಿತ್ತು, ಮೈಕಿನೊಳಗೆ ಒಂದು ನುಸಿ ಓಡಾಡುತ್ತಿತ್ತು. ಅಮ್ಮ ಇನ್ನೂ ಏನೋ ಹೇಳುತ್ತಿದ್ದಳು. ಕೇಳಿಸಿಕೊಳ್ಳಲು ವ್ಯವಧಾನ ಇರಲಿಲ್ಲ.

ನವೆಂಬರ್ ೮, ಬುಧವಾರ

ಆಟವನ್ನೇ ಅಳಿಸಿ ಮತ್ತೆ ಹಾಕಿದೆ. ಅಮ್ಮ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಇಬ್ಬರೂ ಕೆಮ್ಮಿದೆವು. ಆ ಕೆಮ್ಮು ಕೂಡ ತಂಡಕ್ಕೆ ಕೇಳಿಸಲಿಲ್ಲ.

ನವೆಂಬರ್ ೧೨, ಭಾನುವಾರ

ಮೊದಲ ಸುತ್ತು ಗೆದ್ದೆವು. ನಾನು ಮಾತಿಲ್ಲದೆ ಕೂತಿದ್ದರೂ ಗೆದ್ದೆವು. ನಾನು ಇಷ್ಟು ದಿನ ಕೊಟ್ಟ ತರಬೇತಿ ಅವರ ರಕ್ತದಲ್ಲಿ ಇಳಿದಿದೆ ಎಂದು ಇದರಿಂದ ಸಾಬೀತಾಯಿತು.

ಸುಮ್ಮನೆ ಕೂರುವುದು ದೊಡ್ಡ ಶಿಕ್ಷೆ. ಬಾಯಿಗೆ ಕೆಲಸವಿಲ್ಲವಾದ್ದರಿಂದ ಕಿವಿ ತನ್ನಷ್ಟಕ್ಕೆ ದುಡಿಯುತ್ತದೆ. ಸುಶ್ಮಿತಾ ಗುಂಡು ಹಾರಿಸುತ್ತಲೇ ಗಿರಾಕಿಗೆ, "ಈ ಸೀರಿಗೆ ಗಿಣಿ ಹಸರ ಹೊಂದತೈತ್ರಿ, ಬೆಳಕಿಗೆ ಹಿಡದ ನೋಡ್ರಿ" ಎನ್ನುತ್ತಾಳೆ. ಶಿವಯೋಗಿ ಅರ್ಧ ಆಟದಲ್ಲಿ, "ತ್ರೀಫೇಸ್ ಕರೆಂಟ್ ಬಂತು, ಮೋಟರ್ ಚಾಲೂ ಮಾಡಬೇಕು. ನಾ ಸತ್ತೆ ಅಂತ ತಿಳೀರಿ" ಎಂದು ಎದ್ದು ಹೋಗುತ್ತಾನೆ. ಇದೆಲ್ಲ ಮೊದಲೂ ನಡೆಯುತ್ತಿತ್ತೋ, ಈಗ ಶುರುವಾಗಿದೆಯೋ ಗೊತ್ತಿಲ್ಲ.

ತಾರೀಖ ಇವತ್ತು ಒಂದು ಇಡೀ ವಾಕ್ಯ ಹೇಳಿದ. "ಮ... ಮನಿ ಮ್ಯಾಗ ಇಬ್ರು ಅದಾರ, ಒಬ್ಬಂವ ಕೆ... ಕೆಳಗ ಇಳೀತಾನ, ತಡೀರಿ." ಮೂವರೂ ತಡೆದು ಕಾದರು. ಒಬ್ಬ ಇಳಿದ. ಹೊಡೆದರು. ಮೈಕು ಸರಿ ಇದ್ದಿದ್ದರೆ, ಅವನು "ಮನಿ" ಎನ್ನುತ್ತಲೇ ಉಳಿದದ್ದನ್ನು ಹೇಳಿ ಮುಗಿಸುತ್ತಿದ್ದೆ. ನಾನು ಹೇಳುತ್ತಿದ್ದದ್ದು "ಮನಿಯೊಳಗ ನುಗ್ಗ್ರಿ" ಎಂದು. ಇರಲಿ.

ನವೆಂಬರ್ ೧೫, ಬುಧವಾರ

ಆಶ್ಚರ್ಯ! ತಂಡದವರು ಯಾರೂ ಇರಲಿಲ್ಲವೆಂದು ಗುರುತಿಲ್ಲದ ಮೂವರ ಜತೆ ಆಡಿದೆ. ಅಭ್ಯಾಸಬಲದಿಂದ "ಎಡಕ್ಕ ಹೊಳ್ಳ್ರಿ" ಎಂದು ಒದರಿದೆ. ಅದರಲ್ಲೊಬ್ಬ ಯಾವುದೋ ಊರಿನವನು, "ಯಾರಪ್ಪಾ ಇದು, ಕಿವಿ ತೂತಾಯ್ತು, ನಿಧಾನ ಮಾತಾಡಿ!" ಎಂದ. ನನಗೆ ಕಣ್ಣಲ್ಲಿ ನೀರು ಬಂತು. ಕೇಳಿಸಿತು! ಅವನಿಗೆ ಧನ್ಯವಾದ ಹೇಳಿದೆ. ಅವನು ಆಟ ಬಿಟ್ಟು ಹೋದ.

ಅಂದರೆ ಮೈಕು ಸರಿ ಇದೆ. ಫೋನು ಸರಿ ಇದೆ. ಆಟ ಸರಿ ಇದೆ. ಅಮ್ಮನಿಗೆ ಕೇಳುತ್ತದೆ, ಪರಊರಿನವನಿಗೆ ಕೇಳುತ್ತದೆ, ಆ ಮೂವರಿಗೆ ಮಾತ್ರ ಕೇಳುವುದಿಲ್ಲ.

ನವೆಂಬರ್ ೧೬, ಗುರುವಾರ

ದಿನವಿಡೀ ತಲೆ ಓಡಿಸಿ ಕಾರಣ ಕಂಡುಹಿಡಿದೆ. ಕೆಟ್ಟಿರುವುದು ಅವರ ಹೆಡ್‌ಸೆಟ್ಟುಗಳು! ಮೂರೂ! ಶಿವಯೋಗಿಯದಕ್ಕೆ ಹೊಲದ ಧೂಳು, ಸುಶ್ಮಿತಾಳದಕ್ಕೆ ಬಟ್ಟೆಯ ಎಳೆ, ತಾರೀಖನದಕ್ಕೆ ಮೈದಾಹಿಟ್ಟು. ಪಾಪ, ಅವರ ದೋಷವನ್ನು ನನ್ನದೆಂದು ತಿಳಿದು ಇಷ್ಟು ದಿನ ಉಪಚಾರ ಮಾಡಿದ್ದಾರೆ. ನಾನೇ ಊರೂರಿಗೆ ಹೋಗಿ ಸರಿಮಾಡಿಕೊಡುತ್ತೇನೆ. ಮೊದಲು ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಕೊನೆಗೆ ಹಮ್ಮಿಗಿ. ಪಿನ್ನು, ಹತ್ತಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಚೀಲಕ್ಕೆ ಹಾಕಿದೆ. ಹೇಳದೆ ಹೋಗಿ ಬೆರಗುಗೊಳಿಸಬೇಕು.

ನವೆಂಬರ್ ೧೮, ಶನಿವಾರ

ಮುಳಗುಂದ ದಾಟುವವರೆಗೂ ಬಸ್ಸಿನಲ್ಲಿ ನಿಂತೇ ಹೋದೆ. ಲಕ್ಷ್ಮೇಶ್ವರದ ಬೇಕರಿಯಲ್ಲಿ ನನ್ನನ್ನು ಕಂಡು ತಾರೀಖನ ಮುಖ ಹಾಲಿನಷ್ಟು ಬೆಳ್ಳಗಾಯಿತು. ಸಂತೋಷ ಕೆಲವರಲ್ಲಿ ಹಾಗೆ ತೋರುತ್ತದೆ.

"ನಿನ್ನ ಹೆಡ್‌ಸೆಟ್ ಕೆಟ್ಟೈತಿ ತಮ್ಮಾ. ಇಲ್ಲೆ ತೋರಸು, ಆಟ ತಗಿ," ಎಂದೆ.

"ಭಾಯ್, ಅ... ಅದು..."

"ಗೊತ್ತೈತಿ, ಮೈದಾಹಿಟ್ಟ ಹೊಕ್ಕೈತಿ."

"ಅಲ್ಲ, ನಾ... ನಾ ಮೊದಲ..."

"ಮೊದಲ ಚಹಾ ತರತೀ ಹೌದಲ್ಲ? ತಾ, ಹೋಗು. ಖಾರಿ ಬಿಸ್ಕೀಟೂ ತಾ."

ಅವನು ಅಲ್ಲೇ ನಿಂತು ಬಾಯಿ ತೆರೆದು ಮುಚ್ಚಿದ. ಆಮೇಲೆ ಚಹಾ ತರಲು ಹೋದ. ನಾನು ಅವನ ಫೋನು ಕೈಗೆತ್ತಿಕೊಂಡೆ. ಆಟದಲ್ಲಿ ತಂಡದ ನಾಲ್ಕು ಹೆಸರು. ಶಿವಯೋಗಿ, ಅವನ ಪಕ್ಕದಲ್ಲಿ ಪುಟ್ಟ ಹಸಿರು ಮೈಕು. ಸುಶ್ಮಿತಾ, ಹಸಿರು ಮೈಕು. ಕ್ಯಾಪ್ಟನ್ ಯೂಸುಫ, ಕೆಂಪು ಮೈಕು, ಅದರ ಮೇಲೊಂದು ಅಡ್ಡಗೀಟು.

ನನ್ನ ಧ್ವನಿಯನ್ನು ಕೈಯಾರೆ ಬಂದ್ ಮಾಡಿದ ಗುರುತು ಅದು; ಬೆರಳಿಟ್ಟರೆ ಆ ಗೀಟು ಹೋಗುತ್ತದೆ. ಇಡಲಿಲ್ಲ.

ಚಹಾ ಕುಡಿದೆ. ಖಾರಿ ಹಾಗೇ ಬಿಟ್ಟು ಗದಗದ ಬಸ್ಸು ಹತ್ತಿದೆ. ಶಿರಹಟ್ಟಿಗೆ ಹೋಗಲಿಲ್ಲ. ಅಲ್ಲಿಯೂ ಅದೇ ಗೀಟು ಇರುತ್ತದೆ.

ನವೆಂಬರ್ ೧೯, ಭಾನುವಾರ

ವಿಶ್ವಾಸಘಾತಕರು! ಎದುರಿಗೆ "ಅಣ್ಣಾ", "ಅಣ್ಣಾರ", "ಭಾಯ್", ಹಿಂದೆ ಕೆಂಪು ಗೀಟು! ಜೋಳದಲ್ಲಿ ಹುಗಿದೆ, ಮೆಣಸಿನಕಾಯಿ ಸುಟ್ಟೆ, ಅರಬ್ಬಿ ಓದಿದೆ! ದೊಡ್ಡವನಿಗೆ ಸುಮ್ಮನಿರು ಎನ್ನಬಾರದು, ಅದು ನಮ್ಮ ಕಡೆಯ ರೀತಿ, ನಾನೂ ಬಲ್ಲೆ. ಹಾಗೆಂದು ಮೈಕ್ ಹೋಗಿದೆ ಎಂದು ಹೇಳುವುದೇ? ಇಂಥ ಮರ್ಯಾದೆಗಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಎರಡನೆಯ ಸುತ್ತನ್ನೂ ಇವತ್ತು ಗೆದ್ದೆವು. ನಾನು ಹಲ್ಲು ಕಚ್ಚಿಕೊಂಡು ಆಡಿದೆ. ಫೈನಲ್ಲಿಗೆ ಬಂದೆವು.

ನವೆಂಬರ್ ೨೦, ಸೋಮವಾರ

ಮೂವರಿಗೂ ಹೇಳಬೇಕಾದ ಮಾತುಗಳನ್ನು ಆಟೋದಲ್ಲಿ ಹೋಗುತ್ತ ಅಭ್ಯಾಸ ಮಾಡಿದೆ. "ಎಲೈ ಕೃತಘ್ನರೇ! ಯಾರ ಧ್ವನಿಯ ನೆರಳಿನಲ್ಲಿ ನೀವು ಬೆಳೆದಿರೋ, ಆ ಧ್ವನಿಯ ಕುತ್ತಿಗೆಯನ್ನೇ ಹಿಚುಕಿದಿರಲ್ಲಾ!" ಬಹಳ ಚೆನ್ನಾಗಿ ಬರುತ್ತಿತ್ತು. ಬೆಟಗೇರಿಯ ಸಂತೆಯ ಹತ್ತಿರ ಮಂದಿ ತಿರುಗಿ ನೋಡಿದಾಗ ಗೊತ್ತಾಯಿತು, ಮೇಲಿನ ಹಾರ್ನು ಚಾಲೂ ಇದೆ.

ಕಾಯಿಪಲ್ಲೆ ಮಾರುವ ಮಂಜವ್ವ ಕೈ ಮಾಡಿ ನಿಲ್ಲಿಸಿದಳು. "ಯಾವ ಕಂಪನಿ ನಾಟಕೋ ತಮ್ಮಾ? ಮಾತು ಭಾಳ ಚಲೋ ಅದಾವ. ಖರೆ, ಸ್ವಲ್ಪ ಸಣ್ಣಗ ಹೇಳು. ಮಮ್ಮಗ ಈಗರ ಮಲಗ್ಯಾನ."

ಬುಟ್ಟಿಯ ಪಕ್ಕ ಗೋಣಿಚೀಲದ ಮೇಲೆ ಕೂಸು ಮಲಗಿತ್ತು. ಹಾರ್ನು ಬಂದ್ ಮಾಡಿದೆ. ಆಮೇಲೆ ಉಳಿದ ಭಾಷಣ ನೆನಪಿಗೇ ಬರಲಿಲ್ಲ.

ನವೆಂಬರ್ ೨೧, ಮಂಗಳವಾರ

ತೀರ್ಮಾನ ಮಾಡಿದ್ದೇನೆ. ನನಗೆ ಗೊತ್ತಾಗಿದೆ ಎಂದು ಅವರಿಗೆ ತಿಳಿಸುವುದಿಲ್ಲ. ತಿಳಿದರೆ ನಾಚಿಕೊಳ್ಳುತ್ತಾರೆ, ನಾಚಿದವರ ಕೈ ನಡುಗುತ್ತದೆ, ಕೈ ನಡುಗಿದರೆ ಫೈನಲ್ ಹೋಗುತ್ತದೆ. ಶಾಲು ಹೊದ್ದು, ಪೇಟ ಇಟ್ಟುಕೊಂಡು, ನನ್ನ ಎರಡು ಮಾತಿನಲ್ಲಿ ಮೂವರ ಮಾನವನ್ನೂ ಮುಂಡರಗಿಯಲ್ಲೇ ಹರಾಜು ಹಾಕುತ್ತೇನೆ. ಅಲ್ಲಿಯವರೆಗೆ ಮೈಕು ಇನ್ನೂ ಕೆಟ್ಟಿದೆ ಎಂದೇ ತಂಡದ ಮೆಸೇಜ್ ಗುಂಪಿನಲ್ಲಿ ಬರೆದೆ. ಸುಶ್ಮಿತಾ ಅಳುವ ಮುಖದ ಚಿತ್ರ ಕಳಿಸಿದಳು. ನಾಟಕದವಳು!

ಸುಮ್ಮನಿದ್ದು ಕೇಳಿದರೆ ನನ್ನ ಬಗ್ಗೆ ಏನಾದರೂ ಆಡುತ್ತಾರೆಂದು ಕಾದೆ. ಆಡಲೇ ಇಲ್ಲ. ಅವರಿಗೆ ಬೇರೆ ಮಾತು ಬೇಕಾದಷ್ಟಿದೆ.

ನವೆಂಬರ್ ೨೩, ಗುರುವಾರ

ಇವತ್ತು ಆಟದ ನಡುವೆ ಕಿವಿಗೆ ಬಿತ್ತು: ತಾರೀಖನ ಮಾಮು ಅವನನ್ನು ಬೇಕರಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುವುದಿಲ್ಲವಂತೆ. ಗಿರಾಕಿಗೆ ದರ ಹೇಳುವಷ್ಟರಲ್ಲಿ ಟೋಸ್ಟು ಮೆತ್ತಗಾಗುತ್ತದೆ ಎಂದು ನಗಾಡುತ್ತಾನಂತೆ. ಅದಕ್ಕೇ ಹಿಂದಿನ ಕೋಣೆ. ಆಟಕ್ಕೆ ಬಂದದ್ದು ಯಾಕೆಂದು ಸುಶ್ಮಿತಾ ಕೇಳಿದಳು. "ಇಲ್ಲಿ ಮ... ಮುಖ ಕಾಣಂಗಿಲ್ಲ. ಯಾರರ ತ... ತಡದು ಕೇಳತಾರಂತ ಬಂದೆ" ಎಂದ. ಇದನ್ನು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಶಿವಯೋಗಿಯ ಮೋಟರು ಹಿಂದೆ ಗುಡುಗುಡು ಎನ್ನುತ್ತಿತ್ತು. ಅವನು ಎದ್ದು ಹೋಗಿ ಮೋಟರನ್ನೇ ಬಂದ್ ಮಾಡಿ ಬಂದ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ನನ್ನ ಎರಡು ಮಾತಿನ ಭಾಷಣ ಇನ್ನೂ ಅರ್ಧ ಆಗಿಲ್ಲ.

ನವೆಂಬರ್ ೨೪, ಶುಕ್ರವಾರ

ಅಮ್ಮನಿಗೆ ಹಲ್ಲುನೋವು. ಊಟಕ್ಕೆ ಕೂತಾಗ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಒಂದೇ ಕಡೆ ಅಗಿಯುತ್ತಿದ್ದಳು. ಯಾವಾಗಿನಿಂದ ಎಂದು ಕೇಳಿದೆ.

"ಬಕ್ರೀದಿನಿಂದ. ನಿನಗ ಹೇಳೇನಲ್ಲೋ," ಎಂದಳು. "ನೀ ಹೂಂ ಅಂದಿದ್ದಿ."

ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ ಹಲ್ಲು ಕೀಳಿಸಿದೆ. ಬಾಯಿಗೆ ಹತ್ತಿ ಇಟ್ಟುಕೊಂಡೂ ದಾರಿಯುದ್ದಕ್ಕೂ ಮಾತಾಡಿದಳು. ಅರ್ಧ ತಿಳಿಯಿತು.

ನವೆಂಬರ್ ೨೬, ಭಾನುವಾರ

ಸೋತೆವು. ನನ್ನಿಂದಲೇ ಸೋತೆವು.

ಕಲ್ಯಾಣಮಂಟಪದಲ್ಲಿ ನಾಡಗೀತೆ, ದೀಪ, ನಾಲ್ಕು ಭಾಷಣ. ಮುಖ್ಯ ಅತಿಥಿಗಳು ಇದನ್ನು ರಸಪ್ರಶ್ನೆ ಎಂದು ತಿಳಿದು, ಚೆನ್ನಾಗಿ ಓದಿಕೊಂಡು ಬಂದಿದ್ದೀರೆಂದು ನಂಬಿದ್ದೇನೆ ಎಂದರು. ನಮ್ಮ ನಾಲ್ವರನ್ನೂ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರಿಸಿದರು. ಇಲ್ಲಿ ಯಾರಿಗೂ ಮೈಕಿನ ಹಂಗಿಲ್ಲ. ಗೀಟು ಹಾಕಿ ನನ್ನ ಬಾಯಿ ಮುಚ್ಚಿಸುವ ಗುಂಡಿ ಇಲ್ಲಿಲ್ಲ. ಮೂವರೂ ಕಳ್ಳಗಣ್ಣಿನಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಆಟದಲ್ಲಿ ನಾನು ಬೇಗ ಸತ್ತೆ. ಕ್ಯಾಪ್ಟನ್ ಮುಂದೆ ನುಗ್ಗಬೇಕಲ್ಲ! ಸತ್ತ ಮೇಲೆ ತಾರೀಖನ ಫೋನು ನೋಡುತ್ತ ಕೂತೆ. ಕೊನೆಗೆ ಎರಡೇ ತಂಡ ಉಳಿದವು. ಸುಶ್ಮಿತಾ ಬಯಲಿನಲ್ಲಿ ಓಡುತ್ತಿದ್ದಳು. ಹುಲ್ಲಿನ ಬಣವೆಯ ಹಿಂದೆ ಒಬ್ಬ ಅಡಗಿ ಕೂತದ್ದು ನನಗೆ ಕಂಡಿತು. ತಾರೀಖನಿಗೂ ಕಂಡಿತು.

"ಬ..." ಎಂದ. "ಬ... ಬ..."

ನನ್ನ ನಾಲಿಗೆಯ ತುದಿಯಲ್ಲಿ ಆ ಮಾತು ಕೂತಿತ್ತು. ಬಾಯಿ ತೆರೆದೆ. ತಾರೀಖ ಒಮ್ಮೆ ನನ್ನ ಕಡೆ ನೋಡಿದ, ಹೊಡೆಸಿಕೊಳ್ಳಲು ತಯಾರಾಗಿ ನಿಂತವನ ಹಾಗೆ. ಬಾಯಿ ಮುಚ್ಚಿಬಿಟ್ಟೆ. ಯಾಕೆ ಮುಚ್ಚಿದೆನೋ ನನಗೂ ತಿಳಿಯದು.

"ಬಣವಿ ಹಿಂದ!" ಎಂದು ಅವನು ಪೂರ್ತಿ ಹೇಳಿದ. ಅಷ್ಟರಲ್ಲಿ ಸುಶ್ಮಿತಾ ಬಿದ್ದಿದ್ದಳು. ಅವಳ ಹಿಂದೆ ಉಳಿದಿಬ್ಬರೂ ಬಿದ್ದರು.

ಶಾಲು, ಪೇಟ ನರೇಗಲ್ಲಿನ ತಂಡಕ್ಕೆ ಹೋದವು. ಅವರ ಕ್ಯಾಪ್ಟನ್ ಎರಡು ಮಾತು ಎಂದರೆ ಖರೇನೇ ಎರಡೇ ಮಾತಾಡಿದ. "ಎಲ್ಲರಿಗೂ ನಮಸ್ಕಾರ." ನನ್ನ ಜೇಬಿನಲ್ಲಿದ್ದ ಭಾಷಣ ಬೆವರಿಗೆ ಒದ್ದೆಯಾಗಿತ್ತು. ಮೂವರ ಮಾನ ಹರಾಜಿಗೆ ಬರಲೇ ಇಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುವಾಗ ಶಿವಯೋಗಿಗೆ ತಡೆಯಲಾಗಲಿಲ್ಲ. "ಅಣ್ಣಾ, ಆ ಬಣವಿ ಹಿಂದಿನಂವ ನಿನಗ ಕಂಡಿದ್ದಿಲ್ಲೇನು?"

"ಕಂಡಿದ್ದ."

"ಮತ್ತ ಒದರಬೇಕಿಲ್ಲೋ! ಜಿಲ್ಲಾ ತುಂಬ ಒದರತಿ, ಅಲ್ಲೊಂದು ಕಡೆ ಒದರಲಿಲ್ಲಲ್ಲ!"

"ಬಿಡೋ, ಆಗಿದ್ದಾತು," ಎಂದಳು ಸುಶ್ಮಿತಾ. ನಾನು ಮಿರ್ಚಿಯ ತೊಟ್ಟು ಎಸೆದು ಇನ್ನೊಂದು ತಗೊಂಡೆ.

ತಾರೀಖ ತಟ್ಟೆ ಕೆಳಗಿಟ್ಟು ನನ್ನ ಮುಂದೆ ಬಂದು ನಿಂತ. "ಭಾಯ್, ನಿ... ನಿ..." ಎಂದ. ಆಗಲೇ ಲಕ್ಷ್ಮೇಶ್ವರದ ಬಸ್ಸು ಹೊರಡಲು ಹಿಂದೆ ಸರಿಯಿತು. ಅವನು ಹತ್ತಬೇಕಾದ ಬಸ್ಸು ಅದೇ. ಡ್ರೈವರ್ ಹಾರ್ನ್ ಹೊಡೆದ. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಏ ತಮ್ಮಾ, ಬರಾಂವ ಅದಿಯೋ ಇಲ್ಲೋ? ಜಲ್ದಿ ಹತ್ತು, ಮಾತ ಆಮ್ಯಾಗ ಆಡು!" ಎಂದು ಕೂಗಿದ. ತಾರೀಖನ ತುಟಿ ಅಲ್ಲೇ ಸಿಕ್ಕಿಬಿತ್ತು. ಅವನು ಬಸ್ಸನ್ನು ನೋಡಿದ, ನನ್ನನ್ನು ನೋಡಿದ, ಬಾಯಿ ಮುಚ್ಚಿ ಚೀಲ ಎತ್ತಿಕೊಂಡ.

ನನಗೆ ಸಿಟ್ಟು ನೆತ್ತಿಗೇರಿತು. ಈ ತಿಂಗಳಲ್ಲಿ ಅಂಥ ಸಿಟ್ಟು ನನಗಾಗಿ ಕೂಡ ಬಂದಿರಲಿಲ್ಲ. ಎರಡು ಹಾರ್ನಿಗಾಗುವಷ್ಟು ಗಂಟಲು ತೆಗೆದು ಒದರಿದೆ:

"ತಡೀರೀ! ಅಂವಾ ಮಾತಾಡಾಕತ್ತಾನ!"

ಇಡೀ ಬಸ್‌ಸ್ಟ್ಯಾಂಡು ಗಪ್ಪಾಯಿತು. ಡ್ರೈವರ್ ಇಂಜಿನ್ ಬಂದ್ ಮಾಡಿದ. ಶೇಂಗಾ ಮಾರುವವನು ಕೂಗುವುದನ್ನು ನಿಲ್ಲಿಸಿದ. ಕಿಟಕಿಗಳಿಂದ ಮಂದಿ ಇಣುಕಿದರು. ತಾರೀಖ ಚೀಲ ಕೆಳಗಿಟ್ಟ.

"ನಿ... ನಿನ್ನ ಮೈಕ್..." ಎಂದ. ಮುಂದಿನದು ನನಗೆ ಗೊತ್ತಿತ್ತು, ಒಂದೊಂದು ಅಕ್ಷರವೂ ಗೊತ್ತಿತ್ತು. ಶಿವಯೋಗಿ, ಸುಶ್ಮಿತಾ ನೆಲ ನೋಡುತ್ತಿದ್ದರು. ನಾನು ಕೈಕಟ್ಟಿಕೊಂಡು ನಿಂತೆ.

"ನಿನ್ನ ಮೈಕ್ ಕೆ... ಕೆಟ್ಟಿದ್ದಿಲ್ಲ, ಭಾಯ್. ನಾನ ಬಂದ್ ಮಾಡಿದ್ದೆ. ಇವರಿಬ್ಬರಿಗೂ ನಾನ ಹೇ... ಹೇಳಿ ಮಾಡಿಸಿದೆ. ನಂಗ ಒಂದ ಸಲಾನರ ಪೂ... ಪೂರಾ ಮಾತಾಡಬೇಕಿತ್ತು."

ಕಂಡಕ್ಟರ್ ಕೂಡ ಕಾಯುತ್ತಿದ್ದ.

"ಹೌದೇನು?" ಎಂದೆ, ಈಗಷ್ಟೇ ಕೇಳಿದವನ ಹಾಗೆ.